ಮಾಡಿದವರಿಗೆ ಗೊತ್ತಿರಲೇಬೇಕೆ?

ಕರ್ತೃ ಎನಿಸಿಕೊಳ್ಳಲು ನ್ಯಾಯದರ್ಶನ ಮೂರು ಲಕ್ಷಣಗಳನ್ನು ಹೇಳುತ್ತದೆ: ಉಪಾದಾನದ, ಅಂದರೆ ಮೂಲ ಸಾಮಗ್ರಿಯ, ಪ್ರತ್ಯಕ್ಷ ಜ್ಞಾನ, ಮಾಡಬೇಕೆಂಬ ಇಚ್ಛೆ, ಅದಕ್ಕೆ ತಕ್ಕ ಪ್ರಯತ್ನ. ಮೂರೂ ಒಂದೇ ಆತ್ಮದಲ್ಲಿರಬೇಕು. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃವೊಬ್ಬನಿರಬೇಕು ಎಂಬ ಉದಯನಾಚಾರ್ಯರ ವಾದಕ್ಕೆ ಈ ಲಕ್ಷಣವೇ ಆಧಾರ. ಇಟಲಿಯ ತತ್ತ್ವಜ್ಞಾನಿ ವೀಕೊ 1710ರಲ್ಲಿ ಇನ್ನೂ ಮುಂದೆ ಹೋಗಿ, ಮಾಡಿದವನಿಗಷ್ಟೇ ಮಾಡಿದ್ದರ ನಿಜ ತಿಳಿಯುತ್ತದೆ ಎಂದ. ಸ್ಟ್ಯಾನ್‌ಫರ್ಡ್‌ನ ಎಂಜಿನಿಯರಿಂಗ್ ಪ್ರಾಧ್ಯಾಪಕಿ ಯೆಲೆನಾ ವುಚ್ಕೊವಿಚ್ ಅವರ ಸಂಶೋಧನೆ ಈ ಎರಡೂ ಮಾತುಗಳನ್ನು ಒರೆಗೆ ಹಚ್ಚುತ್ತದೆ.

ಸರ್ಬಿಯಾದ ನಿಶ್‌ನಲ್ಲಿ ಓದಿದ ಅವರು 2002ರಲ್ಲಿ ಕ್ಯಾಲ್ಟೆಕ್‌ನಿಂದ ಪಿಎಚ್.ಡಿ. ಪಡೆದು, ಮರುವರ್ಷ ಸ್ಟ್ಯಾನ್‌ಫರ್ಡ್ ಸೇರಿದರು. ಆರಂಭದ ಕೆಲಸ ಫೋಟಾನಿಕ್ ಸ್ಫಟಿಕಗಳ ಮೇಲೆ. ಅರೆವಾಹಕದ ತೆಳುಪದರದಲ್ಲಿ ಸಾಲಾಗಿ ಸೂಕ್ಷ್ಮ ರಂಧ್ರಗಳನ್ನು ಕೊರೆದು, ನಡುವೆ ಕೆಲವನ್ನು ಕೊರೆಯದೆ ಬಿಟ್ಟರೆ ಆ ಜಾಗದಲ್ಲಿ ಬೆಳಕು ಸೆರೆಯಾಗುತ್ತದೆ. ಬೆಳಕನ್ನು ಸೆರೆಹಿಡಿಯುವ ಇಂಥ ಜಾಗ ಬೆಳಕನ್ನು ಎಷ್ಟು ಪ್ರತಿಫಲಿಸುತ್ತದೆ ಎಂಬುದನ್ನು ಒಂದೇ ಒಂದು ಕ್ವಾಂಟಂ ಚುಕ್ಕೆ, ಅಂದರೆ ಅರೆವಾಹಕದ ಅತಿಸೂಕ್ಷ್ಮ ಕಣ, ಬದಲಿಸಬಲ್ಲದೆಂದು ಅವರ ತಂಡ 2007ರಲ್ಲಿ ತೋರಿಸಿತು. ಈ ವಿನ್ಯಾಸದಲ್ಲಿ ಯಾವ ರಂಧ್ರ ಎಲ್ಲಿ, ಏಕೆ ಎಂಬುದಕ್ಕೆ ವಿನ್ಯಾಸಕಾರರ ಬಳಿ ಉತ್ತರವಿತ್ತು.

2015ರಲ್ಲಿ ಅದೇ ತಂಡ ಪ್ರಕಟಿಸಿದ ಸಾಧನದ ಕಥೆ ಬೇರೆ. ಅದರ ಅಗಲ, ಉದ್ದ ತಲಾ 2.8 ಮೈಕ್ರೊಮೀಟರ್. 1300 ಮತ್ತು 1550 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಬೇರ್ಪಡಿಸಿ ಎರಡು ದಾರಿಗೆ ಕಳಿಸುವುದು ಅದರ ಕೆಲಸ. ಮನುಷ್ಯರು ಕೊಟ್ಟದ್ದು ಗುರಿಯನ್ನು ಮಾತ್ರ. ಕಂಪ್ಯೂಟರ್ ಬೆಳಕಿನ ವರ್ತನೆಯನ್ನು ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಮತ್ತೆ ಮತ್ತೆ ಬಿಡಿಸುತ್ತ, ಸಿಲಿಕಾನ್ ಎಲ್ಲಿರಬೇಕು, ಎಲ್ಲಿರಬಾರದು ಎಂದು ತಿದ್ದುತ್ತ ಹೋಯಿತು. ಕೊನೆಗೆ ಮೂಡಿದ ಆಕೃತಿ ಗೆದ್ದಲು ತಿಂದ ಹಲಗೆಯಂತಿತ್ತು. ಅದನ್ನು ನಿಜವಾಗಿ ತಯಾರಿಸಿ ಅಳೆದಾಗ ಕೆಲಸ ಮಾಡಿತು. ಆದರೆ ಇಂಥ ಆಕೃತಿಯ ಒಂದು ಮೂಲೆಯನ್ನು ತೋರಿಸಿ "ಇದು ಇಲ್ಲೇಕೆ?" ಎಂದರೆ, ಇಡೀ ವಿನ್ಯಾಸ ಸೇರಿ ಗುರಿ ಮುಟ್ಟುತ್ತದೆ ಎನ್ನುವುದರ ಹೊರತು ಬೇರೆ ಉತ್ತರ ಸಿಗುವುದು ಕಷ್ಟ.

ಇದರಿಂದ ವೀಕೊನ ಮಾತು ಸಡಿಲವಾಗುತ್ತದೆ. ಮಾಡಿದವರಿಗೆ ನಿಯಮ ಗೊತ್ತು, ಸಾಮಗ್ರಿ ಗೊತ್ತು, ಫಲವೂ ಗೊತ್ತು. ಬಿಡಿ ಭಾಗಗಳ ಕಾರಣ ಮಾತ್ರ ಗೊತ್ತಿಲ್ಲ. ನೈಯಾಯಿಕರ ಲಕ್ಷಣಕ್ಕೆ ಅಷ್ಟು ಪೆಟ್ಟು ಬೀಳದು. ಅವರು ಕೇಳುವುದು ಉಪಾದಾನದ ಜ್ಞಾನವನ್ನು. ಆಕಾರದ ಪ್ರತಿ ಅಂಶಕ್ಕೂ ಸಮರ್ಥನೆಯನ್ನಲ್ಲ. ಇಚ್ಛೆಯಿಲ್ಲದ ಕಂಪ್ಯೂಟರ್ ಅವರ ಲೆಕ್ಕದಲ್ಲಿ ಕುಂಬಾರನ ಚಕ್ರ, ಕೋಲುಗಳ ಸಾಲಿಗೆ ಸೇರುವ ಸಾಧನ ಮಾತ್ರ. ಆದ್ದರಿಂದ ಕರ್ತೃತ್ವವೂ ಅದರ ಹೊಣೆಯೂ ಸಂಶೋಧಕರದ್ದೇ. ಆದರೆ ಕರ್ತೃತ್ವ ಇದ್ದಮಾತ್ರಕ್ಕೆ ಪೂರ್ಣಜ್ಞಾನ ಇದೆ ಎನ್ನಲಾಗದು.