ಕೋಳಿಯ ಪಾಲು

ಕೋಳಿಗೆ ಸಿಹಿ ತಿಳಿಯುವುದಿಲ್ಲ. ನಾಲಿಗೆ ಸಿಹಿಯನ್ನು ಗುರುತಿಸಲು ಬೇಕಾದ ಒಂದು ಜೀನ್ ಅದರ ಮೈಯಲ್ಲೇ ಇಲ್ಲ. ಮೆಣಸಿನಕಾಯಿಯ ಖಾರವೂ ಅದಕ್ಕೆ ಉರಿಯುವುದಿಲ್ಲ. ಆದರೂ ಹಿತ್ತಲಿಗೆ ಪಪ್ಪಾಯಿ ಹೋಳು ಬಿದ್ದರೆ ಸಾಕು, ಕೇರಿಯ ಕೋಳಿಗಳೆಲ್ಲ ಓಡಿ ಬರುತ್ತವೆ! ಆ ಓಟ ನೋಡಿ ನಾವು ಇನ್ನೆರಡು ಹೋಳು ಹಾಕುತ್ತೇವೆ. ತಡೆಯಬೇಕಾದದ್ದು ಅಲ್ಲೇ.

ಮೊಟ್ಟೆಯಿಡುವ ಹೇಂಟೆ ದಿನಕ್ಕೆ ತಿನ್ನುವುದು ಸುಮಾರು 100ರಿಂದ 120 ಗ್ರಾಂ. ಮೊಟ್ಟೆಗೆ ಬೇಕಾದ ಪ್ರೋಟೀನು, ಚಿಪ್ಪಿಗೆ ಬೇಕಾದ 2 ಗ್ರಾಂನಷ್ಟು ಕ್ಯಾಲ್ಸಿಯಂ ಎಲ್ಲವೂ ಅಷ್ಟರಲ್ಲೇ ಒದಗಬೇಕು. ಹಣ್ಣೆಂದರೆ ಬಹುಪಾಲು ನೀರು. ಅದರಿಂದಲೇ ಹೊಟ್ಟೆ ತುಂಬಿದರೆ ಕಾಳಿಗೆ ಜಾಗವಿಲ್ಲ, ಚಿಪ್ಪು ತೆಳ್ಳಗಾಗುತ್ತದೆ. ತಿನ್ನುವುದರಲ್ಲಿ ಹತ್ತರಲ್ಲೊಂದು ಪಾಲು ಹಣ್ಣು ಸಾಕು, ಅದೂ ಕಾಳು ತಿಂದಾದ ಮೇಲೆ.

ಕೊಡಗು, ಚಿಕ್ಕಮಗಳೂರಿನ ತೋಟದ ಮನೆಯವರು ಬೆಣ್ಣೆಹಣ್ಣಿನ ವಿಷಯದಲ್ಲಿ ಎಚ್ಚರವಾಗಿರಬೇಕು. ಅದರ ಎಲೆ, ಸಿಪ್ಪೆ, ಬೀಜಗಳಲ್ಲಿರುವ ಪರ್ಸಿನ್ ಹಕ್ಕಿಗಳ ಹೃದಯದ ಸ್ನಾಯುವನ್ನೇ ಕೆಡಿಸುತ್ತದೆ. ತಿರುಳಿನಲ್ಲಿ ಕಡಿಮೆಯಿದೆ ಎಂಬ ಧೈರ್ಯವೂ ಬೇಡ. ಹಸಿರುಗಟ್ಟಿದ ಆಲೂಗಡ್ಡೆ, ಬೇಯಿಸದ ರಾಜ್ಮಾ, ಉಪ್ಪು ಹೆಚ್ಚಾದ ಉಳಿಕೆ ಕೂಡ ಬೇಡ.

ಎಲ್ಲಕ್ಕಿಂತ ನನಗೆ ನೋವು ಕೊಡುವುದು, ಕೆಟ್ಟದ್ದನ್ನು ಕಂಡೊಡನೆ ‘ಕೋಳಿಗೆ ಹಾಕಿ’ ಎನ್ನುವ ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಏನು ರೋಗವೆಂದು ಮೊದಲು ಯಾರಿಗೂ ಹೊಳೆಯಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದು ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿ, ಅದಕ್ಕೆ ಹಿಡಿದಿದ್ದ ಬೂಷ್ಟು. ಅಫ್ಲಾಟಾಕ್ಸಿನ್ ಎಂಬ ವಿಷ ಲೋಕಕ್ಕೆ ತಿಳಿದದ್ದು ಆ ಸಾವುಗಳಿಂದ. ಮಳೆಗೆ ನೆಂದ ಕಡಲೆಕಾಯಿ, ಮುಗ್ಗಲು ಮೆಕ್ಕೆಜೋಳ, ಬೂಷ್ಟು ಬಂದ ಬ್ರೆಡ್ಡು ಗೊಬ್ಬರದ ಗುಂಡಿಗೆ ಹೋಗಲಿ. ಕೋಳಿ ಬುಟ್ಟಿಯ ಬಳಿಗೂ ಬೇಡ.

ಕೊಡಲು ಒಳ್ಳೆಯದು ಬೇಕಾದಷ್ಟಿದೆ. ನುಗ್ಗೆ ಸೊಪ್ಪು, ಹರಿವೆ ಹಾಕಿ ನೋಡಿ, ಮೊಟ್ಟೆಯ ಹಳದಿಯ ಬಣ್ಣವೇ ಏರುತ್ತದೆ. ಕಟ್ಟನ್ನು ನೆಲಕ್ಕೆ ಎಸೆಯದೆ ಕೊಕ್ಕಿನ ಎತ್ತರಕ್ಕೆ ತೂಗುಹಾಕಿ; ಚೂರು ಚೂರಾಗಿ ಕಿತ್ತು ತಿನ್ನುತ್ತವೆ. ಉದ್ದನೆಯ ನಾರು ಹಾಗೇ ನುಂಗಿದರೆ ಕೊರಳ ಚೀಲದಲ್ಲಿ ಗಂಟುಕಟ್ಟಬಹುದು. ಗೂಡಲ್ಲೇ ಇರುವ ಕೋಳಿಗಳಿಗೆ ಒಂದು ಬೊಗಸೆ ಸಣ್ಣ ಹರಳುಕಲ್ಲನ್ನೂ ಇಡಿ: ಹಲ್ಲಿಲ್ಲದ ಜೀವ, ಹೊಟ್ಟೆಯೊಳಗೆ ಅರೆಯುವುದು ಆ ಕಲ್ಲುಗಳಿಂದಲೇ. ತಿಂದುಳಿದ ಹಣ್ಣನ್ನು ಕತ್ತಲಾಗುವ ಮೊದಲು ಎತ್ತಿಬಿಡಿ, ಇಲಿಗಳು ಅದರ ವಾಸನೆಗೇ ಬರುತ್ತವೆ.