ಆರು ದೇಶಗಳ ಒಂದು ಶಸ್ತ್ರ: ಹಿಂಸೆಯ ಕರ್ತೃ ಯಾರು?

2012ನೆಯ ಇಸವಿ ಡಿಸೆಂಬರ್ 1ರ ಬೆಳಿಗ್ಗೆ ದಕ್ಷಿಣ ಫ್ರಾನ್ಸಿನ ಇಸ್ತ್ರ್ ವಾಯುನೆಲೆಯಿಂದ ಒಂದು ವಿಮಾನವು ಮೇಲೇರಿ, 25 ನಿಮಿಷಗಳ ಕಾಲ ಹಾರಿ, ಕೆಳಗಿಳಿಯಿತು. ಅದರೊಳಗೆ ಚಾಲಕನಿರಲಿಲ್ಲ, ಚಾಲಕನು ಕುಳಿತುಕೊಳ್ಳುವ ಸ್ಥಳವೇ ಅದರಲ್ಲಿಲ್ಲ. ಬಾಲವೂ ಇಲ್ಲ. ಸುಮಾರು ಹನ್ನೆರಡೂವರೆ ಮೀಟರ್ ಅಗಲದ ಚಪ್ಪಟೆ ರೆಕ್ಕೆಯೇ ಅದರ ದೇಹ. ರಾಡಾರಿನ ಕಣ್ಣಿಗೆ ಬೀಳಬಾರದೆಂದು ಎಂಜಿನ್ನಿಗೆ ಗಾಳಿ ಒದಗಿಸುವ ದ್ವಾರವನ್ನು ಬೆನ್ನಿನ ಮೇಲೆ ಇರಿಸಲಾಗಿದೆ. ಬಾಂಬುಗಳಿಗೆ ಸ್ಥಳ ಹೊಟ್ಟೆಯೊಳಗೆ. ಇದರ ಹೆಸರು ‘ನ್ಯೂರಾನ್’, ಅಂದರೆ ನರಕೋಶ.

ಈ ಯಂತ್ರವನ್ನು ಒಂದು ದೇಶವು ನಿರ್ಮಿಸಲಿಲ್ಲ. 2003ರಲ್ಲಿ ಫ್ರಾನ್ಸ್ ಇದರ ಸಂಕಲ್ಪವನ್ನು ಪ್ರಕಟಿಸಿತು, 2006ರಲ್ಲಿ ಒಪ್ಪಂದವಾಯಿತು, ಸುಮಾರು 40 ಕೋಟಿ ಯೂರೋ ವೆಚ್ಚದಲ್ಲಿ ಅರ್ಧದಷ್ಟನ್ನು ಫ್ರಾನ್ಸ್ ವಹಿಸಿಕೊಂಡಿತು. ಭಾರತವು ಖರೀದಿಸಿದ ರಫೇಲ್ ವಿಮಾನಗಳ ತಯಾರಕರಾದ ದಸೋ ಸಂಸ್ಥೆಯವರೇ ಇದರ ವಿನ್ಯಾಸಕ್ಕೂ ಅಂತಿಮ ಜೋಡಣೆಗೂ ಹೊಣೆಗಾರರು. ಒಡಲಿನ ಮುಖ್ಯ ಭಾಗ ಸ್ವೀಡನ್ನಿನ ಸಾಬ್ ಸಂಸ್ಥೆಯದು. ರೆಕ್ಕೆಗಳೂ ನೆಲದ ನಿಯಂತ್ರಣ ಕೇಂದ್ರವೂ ಸ್ಪೇನಿನವು. ಹಿಂಭಾಗವನ್ನೂ ಬಿಸಿಗಾಳಿಯ ನಾಳವನ್ನೂ ಗ್ರೀಸ್ ಮಾಡಿಕೊಟ್ಟಿತು. ಬಾಂಬುಗಳ ಕೋಣೆಯನ್ನು ಇಟಲಿ. ಸ್ವಿಟ್ಜರ್ಲೆಂಡಿನಲ್ಲಿ ಗಾಳಿಸುರಂಗದ ಪರೀಕ್ಷೆಗಳು ನಡೆದವು. 1815ರಿಂದ ತಟಸ್ಥವೆಂದು ಜಗತ್ತು ಮನ್ನಿಸಿರುವ ದೇಶವದು. ಸ್ವೀಡನ್ ಸಹ 2024ರವರೆಗೆ ಯಾವ ಸೈನಿಕ ಕೂಟಕ್ಕೂ ಸೇರಿರಲಿಲ್ಲ. ಯುದ್ಧದಲ್ಲಿ ಪಾಲ್ಗೊಳ್ಳದ ದೇಶವು ಯುದ್ಧದ ಉಪಕರಣದಲ್ಲಿ ಪಾಲ್ಗೊಳ್ಳಬಹುದೆಂಬ ಈ ವಿಚಿತ್ರ ನೀತಿಯನ್ನು ಆ ದೇಶಗಳ ಪ್ರಜ್ಞಾವಂತರೇ ಪ್ರಶ್ನಿಸಬೇಕು.

ಇಲ್ಲಿ ಏಳುವ ಪ್ರಶ್ನೆ ಸರಳವಾದುದು. ಇಂಥ ಯಂತ್ರವೊಂದು ಮುಂದೊಂದು ದಿನ ಜನವಸತಿಯ ಮೇಲೆ ಬಾಂಬು ಹಾಕಿದರೆ ಆ ಹಿಂಸೆ ಯಾರದು? ರೆಕ್ಕೆ ಮಾಡಿದವನು ‘ನಾನು ರೆಕ್ಕೆಯನ್ನಷ್ಟೇ ಮಾಡಿದೆ’ ಎನ್ನುತ್ತಾನೆ. ಗಾಳಿಸುರಂಗದಲ್ಲಿ ಅಳತೆ ತೆಗೆದವನು ಕಂಡದ್ದು ಒಂದು ಮಾದರಿಯ ಮೇಲೆ ಹರಿಯುವ ಗಾಳಿಯನ್ನು ಮಾತ್ರ. ನೆಲದ ಕೇಂದ್ರದಲ್ಲಿ ಕುಳಿತವನು ಆಜ್ಞೆಯನ್ನು ಪಾಲಿಸಿದವನು; ಆಜ್ಞೆ ಕೊಟ್ಟವನು ಯಂತ್ರವು ಗುರುತಿಸಿ ತೋರಿಸಿದ ಗುರಿಯನ್ನು ನಂಬಿದವನು. ಲೌಕಿಕ ನ್ಯಾಯವು ದೋಷವನ್ನು ಭಾಗ ಮಾಡುತ್ತ ಹೋಗುತ್ತದೆ. ಭಾಗಿಸಿದಷ್ಟೂ ಪ್ರತಿಯೊಬ್ಬನ ಪಾಲು ಚಿಕ್ಕದಾಗುತ್ತದೆ, ಕೊನೆಗೆ ಯಾರ ಕೈಯಲ್ಲಿಯೂ ಏನೂ ಉಳಿಯುವುದಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಗಣಿತ ಬೇರೆಯೇ ಆಗಿದೆ. ಅಲ್ಲಿ ಭಾಗಾಕಾರವಿಲ್ಲ, ಗುಣಾಕಾರವಿದೆ. ಸಂರಂಭ, ಸಮಾರಂಭ, ಆರಂಭವೆಂಬ ಮೂರು ಹಂತಗಳು. ಮನ, ವಚನ, ಕಾಯವೆಂಬ ಮೂರು ಯೋಗಗಳು. ಕೃತ, ಕಾರಿತ, ಅನುಮತವೆಂಬ ಮೂರು ಬಗೆಗಳು. ಇವನ್ನು ನಾಲ್ಕು ಕಷಾಯಗಳಿಂದ ಗುಣಿಸಿದರೆ 108. ಜಪಮಾಲೆಯ ಮಣಿಗಳ ಸಂಖ್ಯೆಯನ್ನು ಹಿರಿಯರು ಇದರೊಂದಿಗೆ ಹೊಂದಿಸಿ ಹೇಳುವುದು ಶ್ರಾವಕರಿಗೆ ವಿದಿತವೇ ಆಗಿದೆ. ಮಾಡಿದವನ ಪಾಲಿನಿಂದ ಮಾಡಿಸಿದವನ ಪಾಲನ್ನು ಕಳೆಯುವುದಿಲ್ಲ. ಒಪ್ಪಿದವನು ಇದ್ದಾನೆಂದು ಮಾಡಿಸಿದವನ ಭಾರ ಇಳಿಯುವುದಿಲ್ಲ. ಪ್ರತಿಯೊಬ್ಬನೂ ತನ್ನ ಭಾವದ ತೀವ್ರತೆ ಮಂದತೆಗಳಿಗೆ ಅನುಸಾರವಾಗಿ ತನ್ನದನ್ನು ಪೂರ್ತಿಯಾಗಿ ಹೊರುತ್ತಾನೆ. ಆದ್ದರಿಂದ ಗಾಳಿಸುರಂಗದ ತಂತ್ರಜ್ಞನೂ ಯುದ್ಧಮಂತ್ರಿಯೂ ಸಮಾನ ದೋಷಿಗಳೆಂದಲ್ಲ. ಭಾವವು ಬೇರೆ, ಬಂಧವೂ ಬೇರೆ. ಆದರೆ ಸಂಖ್ಯೆ ಹೆಚ್ಚಾದುದರಿಂದ ಯಾರೊಬ್ಬನೂ ಬಿಡುಗಡೆ ಹೊಂದುವುದಿಲ್ಲ.

ಅದೇ ಅಧ್ಯಾಯವು ಮುಂದುವರಿದು ಅಜೀವಾಧಿಕರಣವನ್ನು, ಎಂದರೆ ಜಡವಸ್ತುವಿನ ಮೂಲಕ ಆಗುವ ಆಸ್ರವಕ್ಕೆ ಆಧಾರವನ್ನು ವಿವರಿಸುತ್ತದೆ. ನಿರ್ವರ್ತನೆ ಅದರಲ್ಲೊಂದು, ವಸ್ತುವನ್ನು ನಿರ್ಮಿಸುವುದು. ಸಂಯೋಗ ಇನ್ನೊಂದು, ಉಪಕರಣಗಳನ್ನು ಒಂದಕ್ಕೊಂದು ಕೂಡಿಸುವುದು. ಬಿಡಿ ಭಾಗಗಳು ನಿರುಪದ್ರವಿಗಳಾಗಿದ್ದರೂ ಅವುಗಳ ಕೂಡಿಕೆಯು ಬೇರೆಯೇ ಒಂದು ಕ್ರಿಯೆಯೆಂಬ ಈ ಸೂಕ್ಷ್ಮ ವಿವೇಚನೆಯು ಆರು ದೇಶಗಳಲ್ಲಿ ತಯಾರಾಗಿ ಇಸ್ತ್ರಿನಲ್ಲಿ ಒಂದಾದ ವಿಮಾನಕ್ಕೆ ಎಷ್ಟು ಚೆನ್ನಾಗಿ ಅನ್ವಯಿಸುತ್ತದೆ! ಯಂತ್ರವಂತೂ ಪುದ್ಗಲ. ಅದಕ್ಕೆ ಕ್ರೋಧವಿಲ್ಲ, ಪ್ರಮಾದವಿಲ್ಲ, ಬಂಧವಿಲ್ಲ. ‘ಯಂತ್ರವೇ ನಿರ್ಧರಿಸಿತು’ ಎಂಬ ಮಾತಿಗೆ ಕರ್ಮಸಿದ್ಧಾಂತದಲ್ಲಿ ಅರ್ಥವೇ ಇಲ್ಲ.

ಪ್ರತಿವಾದವನ್ನು ಆಲಿಸದಿರುವುದು ಅನೇಕಾಂತಕ್ಕೆ ವಿರುದ್ಧ. ನ್ಯೂರಾನ್ ಯಾರನ್ನೂ ಕೊಂದಿಲ್ಲ. ಅದು ಪ್ರಯೋಗಕ್ಕಾಗಿ ನಿರ್ಮಿಸಿದ ಒಂದೇ ಒಂದು ವಿಮಾನ. 2015ರಲ್ಲಿ ಉತ್ತರ ಸ್ವೀಡನ್ನಿನ ವಿಡ್ಸೆಲ್ ಪರೀಕ್ಷಾ ಕ್ಷೇತ್ರದಲ್ಲಿ ಅದು ಬಾಂಬನ್ನು ಹಾಕಿದ್ದು ಕೇವಲ ಪರೀಕ್ಷೆಗಾಗಿ. ಬಾಂಬು ಹಾಕುವ ತೀರ್ಮಾನ ಮನುಷ್ಯನದೇ ಎಂಬುದು ಅದರ ವ್ಯವಸ್ಥೆ. ಮೇಲಾಗಿ, ಸ್ವದೇಶದ ರಕ್ಷಣೆಗಾಗಿ ಗೃಹಸ್ಥನಿಂದ ಆಗುವ ವಿರೋಧಿ ಹಿಂಸೆಯನ್ನು ನಮ್ಮ ಆಚಾರ್ಯರು ಸಂಕಲ್ಪಿ ಹಿಂಸೆಯಿಂದ ಬೇರೆಯಾಗಿ ಎಣಿಸಿದ್ದಾರೆ. ಚಾಲಕನೇ ಇಲ್ಲದ ವಿಮಾನ ಬಿದ್ದರೆ ಯಾವ ತಾಯಿಯ ಮಗನೂ ಸಾಯುವುದಿಲ್ಲ. ಈ ಮಾತು ಹಗುರವಾದುದಲ್ಲ; ಇದನ್ನು ಅಲ್ಲಗಳೆಯುವವನು ಮೊದಲು ಒಬ್ಬ ಸೈನಿಕನ ಮನೆಗೆ ಹೋಗಿ ಬರಬೇಕು.

ಆದರೂ ಒಂದು ಸಂದೇಹ ಉಳಿಯುತ್ತದೆ. ವಿರೋಧಿ ಹಿಂಸೆಗೆ ಮನ್ನಣೆ ದೊರೆಯುವುದು ಎರಗಿ ಬಂದವನನ್ನು ಅನಿವಾರ್ಯವಾಗಿ ತಡೆಯುವಾಗ. ಅಲ್ಲಿ ತಡೆಯುವವನ ಪ್ರಾಣವೂ ಪಣದಲ್ಲಿರುತ್ತದೆ, ಆ ಭಯವೇ ಅನೇಕ ವೇಳೆ ಅವನ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ತನ್ನ ಕಡೆಯಲ್ಲಿ ಪ್ರಾಣನಷ್ಟವೇ ಇಲ್ಲದಾಗ, ಮತ್ತು ವಿಮಾನವು ಎದುರಾಳಿಯ ಕಣ್ಣಿಗೇ ಬೀಳದಿರುವಾಗ, ‘ಅನಿವಾರ್ಯ’ ಎಂಬ ಪದವು ಎಷ್ಟು ಸುಲಭವಾಗಿ ಬಾಯಿಗೆ ಬಂದೀತು! ಕಾಣಿಸದಂತೆ ಹೋಗಿ ಹೊಡೆಯುವ ಸಾಧನವು ಗಡಿಯೊಳಗೆ ನಿಂತು ಕಾಯುವ ಸಾಧನವಲ್ಲ. ಗಡಿಯನ್ನು ದಾಟುವುದಕ್ಕೇ ಅದರ ಆಕಾರವನ್ನು ರೂಪಿಸಲಾಗಿದೆ. ಸಂರಂಭವು ಆ ಆಕಾರದಲ್ಲಿಯೇ ಅಡಗಿದೆ.

ಈ ಪ್ರಶ್ನೆ ದೂರದ ಯುರೋಪಿಗೆ ಮಾತ್ರ ಸೇರಿದುದೆಂದು ಭಾವಿಸುವಂತಿಲ್ಲ. 2024ರ ಅಕ್ಟೋಬರಿನಲ್ಲಿ ಫ್ರಾನ್ಸ್, ನ್ಯೂರಾನ್‌ನ ಅನುಭವದ ಆಧಾರದ ಮೇಲೆ ರಫೇಲ್ ವಿಮಾನಕ್ಕೆ ಜೊತೆಗಾರನಾಗುವ ಚಾಲಕರಹಿತ ಯುದ್ಧವಿಮಾನವನ್ನು 2033ರ ವೇಳೆಗೆ ಸಿದ್ಧಪಡಿಸುವುದಾಗಿ ಪ್ರಕಟಿಸಿತು. ಅದಕ್ಕೂ ಮುಂಚೆ, 2022ರ ಜುಲೈ 1ರಂದು, ನಮ್ಮ ಚಿತ್ರದುರ್ಗದ ಪರೀಕ್ಷಾ ಕ್ಷೇತ್ರದಿಂದ ರೆಕ್ಕೆಯೇ ದೇಹವಾದ ಚಾಲಕರಹಿತ ವಿಮಾನವೊಂದು ಮೊದಲ ಬಾರಿ ಹಾರಿತು. ಅದನ್ನು ರೂಪಿಸಿದುದು ಬೆಂಗಳೂರಿನಲ್ಲಿರುವ ರಕ್ಷಣಾ ಪ್ರಯೋಗಾಲಯ. ಇಂಥ ಪ್ರಯೋಗಾಲಯಗಳಲ್ಲಿ ದುಡಿಯುವ ತರುಣ ಎಂಜಿನಿಯರುಗಳಲ್ಲಿ ಶ್ರಾವಕರ ಮನೆಯ ಮಕ್ಕಳೂ ಇರಬಹುದು. ಪರ್ಯೂಷಣ ಪರ್ವದಲ್ಲಿ ಉಪವಾಸವಿದ್ದು, ಮರುದಿನ ಕೆಲಸಕ್ಕೆ ಹೋಗುವವರು. ಅವರ ತಂದೆತಾಯಿಗಳು ಮಗನಿಗೆ ಒಳ್ಳೆಯ ಕೆಲಸ ಸಿಕ್ಕಿತೆಂದು ಬಸದಿಯಲ್ಲಿ ಅಭಿಷೇಕ ಮಾಡಿಸುವಾಗ ಆ ಸಂತೋಷದಲ್ಲಿ ಅನುಮತದ ಅಂಶ ಎಷ್ಟೆಂಬುದನ್ನು ಆ ಮಗನೇ ಒಂದು ದಿನ ಕೇಳಿದರೆ, ಮನೆಯ ಹಿರಿಯರು ಉತ್ತರಕ್ಕಾಗಿ ಸ್ವಲ್ಪ ಹೊತ್ತು ಸುಮ್ಮನಿರಬೇಕಾದೀತು.