ಬಾಗಿಲು ಹಾಕಿದವರ ಋಣ

'ಒಂದು ಬೆಕ್ಕಿಗೆ ಇಷ್ಟೆಲ್ಲಾ ಬೇಕಾ?'

ಕಳೆದ ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೀನೋ ಲೆಕ್ಕವಿಲ್ಲ. ಆಫೀಸಿನವರು ನಗ್ತಾ ಕೇಳ್ತಾರೆ. ಊರಿನವರು ಗಾಬರಿಯಿಂದ ಕೇಳ್ತಾರೆ. ಮೆಡಿಕಲ್ ಶಾಪಿನ ಹುಡುಗ ಇನ್ಸುಲಿನ್ ಕೊಡುವಾಗ 'ಯಾರಿಗೆ ಸಾರ್?' ಅಂತಾನೆ, ಉತ್ತರ ಕೇಳಿದ ಮೇಲೆ ಇನ್ನೊಂದು ಸಲ ನನ್ನ ಮುಖ ನೋಡ್ತಾನೆ. ನಕ್ಕು ಸುಮ್ಮನಾಗಿಬಿಡಬಹುದು. ಆದರೆ ಇದು ನ್ಯಾಯವಾದ ಪ್ರಶ್ನೆ, ನ್ಯಾಯವಾದ ಉತ್ತರವೊಂದು ಇರಲೇಬೇಕು ಅಂತ ನನಗನ್ನಿಸುತ್ತೆ.

ಮೊದಲು 'ಇಷ್ಟೆಲ್ಲಾ' ಅಂದರೆ ಎಷ್ಟು ಅಂತ ಹೇಳಿಬಿಡ್ತೀನಿ. ನಮ್ಮನೆ ಬೆಕ್ಕಿನ ಹೆಸರು ಮುದ್ದೆ. ಒಂಬತ್ತು ವರ್ಷದ ಗಂಡು. ಅದಕ್ಕೆ ಸಕ್ಕರೆ ಕಾಯಿಲೆ. ಬೆಳಿಗ್ಗೆ 7ಕ್ಕೆ ಒಂದು, ಸಂಜೆ 7ಕ್ಕೆ ಒಂದು ಇನ್ಸುಲಿನ್ ಇಂಜೆಕ್ಷನ್. ಕಿವಿಯ ಅಂಚಿಗೆ ಸೂಜಿಮೊನೆ ತಾಗಿಸಿ ಒಂದು ಹನಿ ರಕ್ತ ತೆಗೆದು ಗ್ಲುಕೋಮೀಟರ್‌ನಲ್ಲಿ ಶುಗರ್ ನೋಡ್ತೀವಿ. ಕ್ಲಿನಿಕ್ಕಿಗೆ ಹೋದರೆ ಹೆದರಿಕೆಗೇ ಬೆಕ್ಕಿನ ಶುಗರ್ ಏರಿಬಿಡುತ್ತೆ, ಹಾಗಾಗಿ ಮನೆಯಲ್ಲಿ ನೋಡಿದ ನಂಬರಿಗೇ ಬೆಲೆ ಜಾಸ್ತಿ. ಡೋಸ್ ಎಷ್ಟು ಗೊತ್ತಾ? 1 ಯೂನಿಟ್. ಅಂದರೆ 0.01 ಎಂಎಲ್, ಒಂದು ಹನಿಯ ಐದನೇ ಒಂದು ಪಾಲು. 100 ಯೂನಿಟ್ಟಿನ ಇನ್ಸುಲಿನ್ನನ್ನು ಅದರದ್ದೇ ಕಿತ್ತಳೆ ಕ್ಯಾಪಿನ ಸಿರಿಂಜ್‌ನಲ್ಲಿ ಎಳೀಬೇಕು. ಅಕಸ್ಮಾತ್ ಕೆಂಪು ಕ್ಯಾಪಿನ 40ರ ಸಿರಿಂಜ್‌ನಲ್ಲಿ ಅದೇ ಗೆರೆಗೆ ಎಳೆದರೆ ಎರಡೂವರೆ ಪಟ್ಟು ಔಷಧ ಒಳಗೆ ಹೋಗುತ್ತೆ, ಶುಗರ್ ಕುಸಿದು ಬೆಕ್ಕು ತೂರಾಡುತ್ತೆ, ಫಿಟ್ಸ್ ಬರಬಹುದು, ಸಾಯಲೂಬಹುದು. ಅದಕ್ಕೇ ಅಡುಗೆಮನೆಯಲ್ಲಿ ಕೈಗೆ ಸಿಗೋ ಹಾಗೆ ಜೇನುತುಪ್ಪದ ಬಾಟಲಿ ಇಟ್ಟಿದ್ದೀವಿ, ಹಾಗೇನಾದರೂ ಆದರೆ ಒಸಡಿಗೆ ಸವರಿಕೊಂಡೇ ಡಾಕ್ಟರ ಹತ್ತಿರ ಓಡೋಕೆ. ಊಟ, ಔಷಧ, ಸ್ಟ್ರಿಪ್ ಎಲ್ಲಾ ಸೇರಿ ತಿಂಗಳಿಗೆ ಆರೇಳು ಸಾವಿರ. ದುಡ್ಡಿಗಿಂತ ಸಮಯವೇ ಕಷ್ಟ. ಔಟರ್ ರಿಂಗ್ ರೋಡಿನ ಆಫೀಸಿನಿಂದ ಸಂಜೆ 7ಕ್ಕೆ ಮನೆ ಸೇರಬೇಕು ಅಂದರೆ ಎಷ್ಟಕ್ಕೆ ಹೊರಡಬೇಕು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಆಫೀಸಿನ ಆನ್-ಕಾಲ್ ಡ್ಯೂಟಿ ವಾರಕ್ಕೊಮ್ಮೆ ಬದಲಾಗುತ್ತೆ. ಇದರಲ್ಲಿ ನಾನು ಬಿಟ್ಟರೆ ನನ್ನ ಹೆಂಡತಿ, ಅವಳು ಬಿಟ್ಟರೆ ನಾನು.

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಇವೆ. ಒಂದು, 'ನನ್ನ ದುಡ್ಡು, ನನ್ನಿಷ್ಟ.' ಇದು ಉತ್ತರವೇ ಅಲ್ಲ, ಮಾತು ಮುಗಿಸುವ ಉಪಾಯ ಅಷ್ಟೇ. ಇನ್ನೊಂದು, 'ಅದು ನಮ್ಮ ಮಗು ಇದ್ದ ಹಾಗೆ.' ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಈಗ 'ಪೆಟ್ ಪೇರೆಂಟ್'ಗಳೇ. ಈ ಪದ ನನ್ನ ಬಾಯಿಗೆ ಹತ್ತೋದಿಲ್ಲ. ಮಗು ಬೆಳೆಯುತ್ತೆ, ಎದುರು ಮಾತಾಡುತ್ತೆ, ಒಂದು ದಿನ ಬ್ಯಾಗ್ ಹಾಕಿಕೊಂಡು ಬೇರೆ ಊರಿಗೆ ಹೋಗುತ್ತೆ. ಅದು ತನ್ನ ಕಾಲ ಮೇಲೆ ನಿಲ್ಲಲಿ ಅಂತಲೇ ನಾವು ಅದನ್ನು ಸಾಕೋದು. ಬೆಕ್ಕನ್ನು ನಾವು ಹಾಗೆ ಸಾಕೋದಿಲ್ಲ. ಕೊನೆಯ ದಿನದವರೆಗೂ ಅದು ನಮ್ಮ ಕೈ ನೋಡಿಕೊಂಡೇ ಇರುತ್ತೆ. ಹಾಗಿರುವಂತೆ ಮಾಡಿದವರೂ ನಾವೇ.

ಇದು ನನಗೆ ಎದ್ದು ಕಾಣೋದಕ್ಕೆ ಕಾರಣ, ನಾನು ಬೇರೆ ಥರದ ಬೆಕ್ಕುಗಳನ್ನು ನೋಡಿ ಬೆಳೆದವನು. ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ, ಮೂಲೆಯಲ್ಲಿ ರಾಗಿ ಮೂಟೆ. ಎರಡಕ್ಕೂ ಇಲಿ ಕಾಟ. ಹಾಗಾಗಿ ಮನೆಗೆ ಬೆಕ್ಕು ಬೇಕು. ಹಾಲು ಕರೆಯುವ ಹೊತ್ತಿಗೆ ಅದಕ್ಕೆ ಚಿಪ್ಪಿನಲ್ಲಿ ಒಂದು ಗುಟುಕು ಹಾಲು, ರಾತ್ರಿ ಉಳಿದ ಅನ್ನ. ಮಿಕ್ಕಿದ್ದು ಅದರ ಸಂಪಾದನೆ. ಹೆಸರಿಲ್ಲ, ಬೆಲ್ಟಿಲ್ಲ. ಮೂರು ದಿನ ಕಾಣದಿದ್ದರೆ ಯಾರೂ ಹುಡುಕೋದಿಲ್ಲ. ಒಂದು ದಿನ ಬರೋದೇ ಇಲ್ಲ. 'ಎಲ್ಲೋ ಹೋಯ್ತು' ಅಂತಾರೆ, ಮಾತು ಅಲ್ಲಿಗೆ ಮುಗೀತು. ಆ ಜೀವನ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ನಾಯಿ, ಹಾವು, ವಿಷ ತಿಂದ ಇಲಿ, ಯಾವುದರಿಂದ ಬೇಕಾದರೂ ಅದು ಮುಗಿದುಹೋಗಬಹುದಿತ್ತು. ಆದರೆ ಆ ಮನೆಗೂ ಬೆಕ್ಕಿಗೂ ಒಂದು ಒಪ್ಪಂದ ಇತ್ತು: ನಾವು ನಿನಗೆ ಅರ್ಧ ಕೊಡ್ತೀವಿ, ಇನ್ನರ್ಧಕ್ಕೆ ಬಾಗಿಲು ತೆಗೆದಿರುತ್ತೆ. ಬಾಗಿಲು ತೆರೆದಿದ್ದರಿಂದಲೇ ಜವಾಬ್ದಾರಿಯೂ ಅರ್ಧವೇ ಇತ್ತು.

ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಆ ಒಪ್ಪಂದ ನಡೆಯೋದಿಲ್ಲ. ಬಾಲ್ಕನಿಗೆ ನೆಟ್ ಹಾಕಿಸ್ತೀವಿ, ಬೀಳಬಾರದು ಅಂತ. ಆಪರೇಷನ್ ಮಾಡಿಸ್ತೀವಿ, ಬೀದಿಯಲ್ಲಿ ಇನ್ನಷ್ಟು ಮರಿಗಳು ಹುಟ್ಟಿ ಸಾಯಬಾರದು ಅಂತ. ಬಟ್ಟಲಿನಲ್ಲಿ ಒಣ ತಿಂಡಿ ತುಂಬಿಟ್ಟು ಕೆಲಸಕ್ಕೆ ಹೋಗ್ತೀವಿ. ಒಂದೊಂದಕ್ಕೂ ಕಾರಣ ಇದೆ, ಎಲ್ಲಾ ಸರಿಯಾದ ಕಾರಣಗಳೇ. ಈಗ ಬೆಕ್ಕಿನ ಡಯಾಬಿಟಿಸ್ ಬಗ್ಗೆ ವೈದ್ಯಶಾಸ್ತ್ರ ಏನು ಹೇಳುತ್ತೆ ನೋಡಿ. ಬಹುಪಾಲು ಬೆಕ್ಕುಗಳಿಗೆ ಬರೋದು ನಮ್ಮ ಟೈಪ್ 2 ಥರದ್ದೇ. ದೇಹ ಇನ್ಸುಲಿನ್ನಿನ ಮಾತು ಕೇಳೋದು ಕಮ್ಮಿಯಾಗುತ್ತೆ, ಬರಬರುತ್ತಾ ಅದನ್ನು ತಯಾರಿಸುವ ಮೇದೋಜೀರಕ ಗ್ರಂಥಿಯೂ ಸೋಲುತ್ತೆ. ವಯಸ್ಸಾದ, ದಪ್ಪಗಾದ, ಓಡಾಟವಿಲ್ಲದ ಬೆಕ್ಕುಗಳಿಗೆ, ಅದರಲ್ಲೂ ಆಪರೇಷನ್ ಆದ ಗಂಡುಗಳಿಗೆ ಇದರ ಸಾಧ್ಯತೆ ಹೆಚ್ಚು. ಬೆಕ್ಕು ಹುಟ್ಟಾ ಮಾಂಸಾಹಾರಿ. ಬೇಟೆ ಹುಡುಕಿಕೊಂಡು ಓಡೋಕೆ ಆದ ದೇಹ ಅದು. ಅದನ್ನು ಸೋಫಾದ ಮೇಲೆ ಕೂರಿಸಿ ತುಂಬಿದ ಬಟ್ಟಲು ಮುಂದಿಟ್ಟರೆ ಏನಾಗುತ್ತೆ ಅಂತ ಬೇರೆಯವರಿಗಿಂತ ನಮಗೇ ಚೆನ್ನಾಗಿ ಗೊತ್ತು. ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತು, ಸ್ವಿಗ್ಗಿಯಲ್ಲಿ ತರಿಸಿಕೊಂಡು ತಿಂದು, ಮೂವತ್ತೈದಕ್ಕೇ ಎಚ್‌ಬಿಎ1ಸಿ ರಿಪೋರ್ಟ್ ಹಿಡಿದು ಓಡಾಡುವವರು ತಾನೇ ನಾವು?

ಇಲ್ಲಿ ಯಾರೂ ತಪ್ಪು ಮಾಡಿಲ್ಲ ಅನ್ನೋದನ್ನು ಒತ್ತಿ ಹೇಳಬೇಕು. ನೆಟ್ ಹಾಕಿಸಿದ್ದು ಸರಿ, ಆಪರೇಷನ್ ಮಾಡಿಸಿದ್ದೂ ಸರಿ. ಆದರೆ ಋಣ ಬರೋದಕ್ಕೆ ತಪ್ಪು ಮಾಡಿರಲೇಬೇಕು ಅಂತೇನಿಲ್ಲ. ಸಾಲ ತಗೊಂಡವನು ತಪ್ಪು ಮಾಡಿರೋದಿಲ್ಲ, ಆದರೂ ತೀರಿಸಬೇಕು. ಬೆಕ್ಕಿನ ಓಡಾಟ, ಬೇಟೆ, ಸಂತಾನ, ಬೇಕಾದಾಗ ಎದ್ದು ಹೋಗುವ ಸ್ವಾತಂತ್ರ್ಯ, ಇಷ್ಟನ್ನೂ ನಾವು ತಗೊಂಡಿದ್ದೀವಿ. ಬದಲಿಗೆ ನಮಗೆ ಸಿಕ್ಕಿದ್ದು ಕೆಲಸ ಮುಗಿಸಿ ಬಂದಾಗ ಕಾಲಿಗೆ ಸುತ್ತಿಕೊಳ್ಳುವ ಒಂದು ಬೆಚ್ಚನೆಯ ಜೀವ. ಕಾಯಿಲೆ ಬಂದಾಗ ಸಾಲ ಕೊಟ್ಟವನು ಬಾಗಿಲಿಗೆ ಬಂದಂತೆ. ಹಾಗಾಗಿ 'ಇಷ್ಟೆಲ್ಲಾ ಬೇಕಾ' ಅಂದರೆ ನನ್ನ ಉತ್ತರ, ಇದು ಪ್ರೀತಿಯ ಹೆಚ್ಚುಗಾರಿಕೆ ಅಲ್ಲ, ಹಳೇ ಬಾಕಿ.

ನಮ್ಮ ಕಾನೂನೂ ಹೆಚ್ಚೂಕಮ್ಮಿ ಇದನ್ನೇ ಹೇಳುತ್ತೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಪ್ರಾಣಿ ಯಾರ ಆರೈಕೆಯಲ್ಲಿ ಇದೆಯೋ ಅವರು ಅದರ ಯೋಗಕ್ಷೇಮಕ್ಕೆ, ಅನಗತ್ಯ ನೋವು ತಪ್ಪಿಸೋದಕ್ಕೆ ಸಮಂಜಸವಾದ ಎಲ್ಲಾ ಕ್ರಮ ತಗೋಬೇಕು. ಅದರಲ್ಲಿ ಪ್ರೀತಿಯ ಮಾತೇ ಇಲ್ಲ. ನಿನ್ನ ಕೈಯಲ್ಲಿದೆಯಾ? ಹಾಗಾದರೆ ನೀನು ನೋಡಿಕೋ, ಅಷ್ಟೇ. 'ಸಮಂಜಸ' ಅನ್ನೋ ಪದವೂ ಮುಖ್ಯ. ತಿಂಗಳಿಗೆ ಹದಿನೈದು ಸಾವಿರ ದುಡಿಯುವ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು ಒಂದು ಬೆಕ್ಕಿಗೆ ಅನ್ನ ಹಾಕ್ತಾರೆ. ಅದಕ್ಕೆ ಡಯಾಬಿಟಿಸ್ ಬಂದರೆ ಇನ್ಸುಲಿನ್ ಕೊಡಿಸದೇ ಹೋದದ್ದಕ್ಕೆ ಅವರನ್ನು ಯಾರೂ ದೂರುವ ಹಾಗಿಲ್ಲ. ನನ್ನ ಸಂಬಳದವನಿಗೆ ಆ ವಿನಾಯಿತಿ ಸಿಗೋದಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪಣೆ ಇದೆ. ಅದನ್ನು ಎತ್ತಿದವರೂ ಪ್ರಾಣಿಗಳ ಪರವಾಗಿ ಪುಸ್ತಕವನ್ನೇ ಬರೆದ ತತ್ವಜ್ಞಾನಿ ಪೀಟರ್ ಸಿಂಗರ್. 1972ರ ಲೇಖನವೊಂದರಲ್ಲಿ ಅವರ ವಾದ ಹೀಗೆ ಸಾಗುತ್ತೆ: ಕೊಳದಲ್ಲಿ ಮಗು ಮುಳುಗ್ತಿದ್ದರೆ ಬಟ್ಟೆ ಕೆಸರಾಗುತ್ತೆ ಅಂತ ನೀವು ಸುಮ್ಮನೆ ನಿಲ್ಲೋದಿಲ್ಲ, ಹಾಗಾದರೆ ದೂರದ ದೇಶದಲ್ಲಿ ಹಸಿವಿನಿಂದ ಸಾಯ್ತಿರುವವರಿಗೆ ಕೊಡದಿರೋದು ಹೇಗೆ ಸರಿ? ಈ ತಕ್ಕಡಿಯಲ್ಲಿಟ್ಟು ತೂಗಿದರೆ ಮುದ್ದೆಯ ಆರೇಳು ಸಾವಿರ ನಿಲ್ಲೋದಿಲ್ಲ. ಅದೇ ದುಡ್ಡಿನಲ್ಲಿ ನಮ್ಮೂರ ಶಾಲೆಯ ಹುಡುಗರಿಗೆ ಎಷ್ಟೋ ಮಾಡಬಹುದು.

ಈ ವಾದವನ್ನು ಪೂರ್ತಿ ಗೆಲ್ಲೋಕೆ ನನ್ನಿಂದಾಗಲ್ಲ. ಆದರೆ ಒಂದು ಮಾತು ಹೇಳಬಲ್ಲೆ. ದಾನ ಯಾರಿಗೆ ಕೊಟ್ಟರೆ ಹೆಚ್ಚು ಉಪಯೋಗ ಅಂತ ಲೆಕ್ಕ ಹಾಕಬಹುದು, ಹಾಕಲೂಬೇಕು. ಸಾಲಕ್ಕೆ ಆ ಲೆಕ್ಕ ಇಲ್ಲ. ನಿಮ್ಮ ಹತ್ತಿರ ಸಾಲ ತಗೊಂಡು, 'ನಿಮಗಿಂತ ಬಡವರಿಗೆ ಕೊಟ್ಟುಬಿಟ್ಟೆ' ಅಂದರೆ ನೀವು ಒಪ್ತೀರಾ? ಶಾಲೆಯ ಹುಡುಗರಿಗೆ ಕೊಡೋದಾದರೆ ನನ್ನ ವೀಕೆಂಡ್ ಟ್ರಿಪ್ಪಿನಿಂದ, ಹೊಸ ಫೋನಿನಿಂದ ಕೊಡಬೇಕು. ಮುದ್ದೆಯ ಸಿರಿಂಜಿನಿಂದ ಯಾಕೆ? 'ಬೆಕ್ಕಿಗೆ ಇಷ್ಟಾ' ಅಂತ ಕೇಳುವವರು ಯಾರೂ ಫೋನಿಗೆ ಇಷ್ಟಾ ಅಂತ ಕೇಳಿದ್ದನ್ನು ನಾನು ಕೇಳಿಲ್ಲ.

ಮನುಷ್ಯರ ಔಷಧ ಪ್ರಾಣಿಗಾ ಅಂತಲೂ ಕೆಲವರು ಕೇಳ್ತಾರೆ. ಇತಿಹಾಸ ಉಲ್ಟಾ ಇದೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ನಾಯಿಯೊಂದರ ಮೇದೋಜೀರಕ ತೆಗೆದಾಗಲೇ ಈ ಕಾಯಿಲೆಯ ಮೂಲ ಆ ಗ್ರಂಥಿಯಲ್ಲಿದೆ ಅಂತ ಗೊತ್ತಾಗಿದ್ದು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಪ್ರಯೋಗ ನಡೆಸಿದ್ದೂ ನಾಯಿಗಳ ಮೇಲೆಯೇ. 1922ರ ಜನವರಿಯಲ್ಲಿ ಮೊದಲ ಸಲ 14 ವರ್ಷದ ಹುಡುಗನಿಗೆ ಚುಚ್ಚಿದ ಇನ್ಸುಲಿನ್ ಬಂದಿದ್ದು ದನದ ಗ್ರಂಥಿಯಿಂದ. ಆಮೇಲೆ ಅರವತ್ತು ವರ್ಷ ಜಗತ್ತಿನ ಸಕ್ಕರೆ ಕಾಯಿಲೆಯವರು ಬದುಕಿದ್ದು ದನ, ಹಂದಿಗಳ ಇನ್ಸುಲಿನ್ನಿನಲ್ಲಿ. ದನದ ಇನ್ಸುಲಿನ್ನಿಗೂ ಬೆಕ್ಕಿನದಕ್ಕೂ ಇರೋದು ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಆ ನಾಯಿಗಳ ಋಣವನ್ನು ಮುದ್ದೆಗೆ ತೀರಿಸ್ತೀನಿ ಅಂದರೆ ತರ್ಕ ತಪ್ಪುತ್ತೆ, ನಿಜ. ಆದರೆ ಈ ಸೀಸೆ ಬರೀ ನಮ್ಮದು ಅನ್ನೋ ಹಕ್ಕಂತೂ ನಮಗಿಲ್ಲ.

ಇದೆಲ್ಲಕ್ಕಿಂತ ಕಷ್ಟದ ಪ್ರಶ್ನೆ ಕೇಳಿದ್ದು ನಮ್ಮಮ್ಮ. ಅವರೂ ಇನ್ಸುಲಿನ್ ತಗೋತಾರೆ. ನಮ್ಮನೆಗೆ ಬಂದಾಗ ಒಂದು ದಿನ, ನಾನು ಮುದ್ದೆಯ ಕತ್ತಿನ ಚರ್ಮ ಎತ್ತಿ ಚುಚ್ಚೋದನ್ನ ನೋಡ್ತಾ ಕೂತಿದ್ದವರು ಹೇಳಿದರು: 'ನಂಗಾದ್ರೆ ಯಾಕ್ ಚುಚ್ಕೊತೀನಿ ಅಂತ ಗೊತ್ತು ಕಣಪ್ಪ. ಅದಕ್ಕೇನ್ ಗೊತ್ತು? ದಿನಾ ಎರಡ್ ಸಲ ಹಿಡ್ಕೊಂಡು ನೋಯಿಸ್ತಾರೆ ಅಂತಷ್ಟೇ.'

ದುಡ್ಡಿನ ಪ್ರಶ್ನೆಯಲ್ಲಿ ನಮ್ಮದೇ ನಷ್ಟ, ಆದ್ದರಿಂದ ಸುಲಭ. ಇಲ್ಲಿ ನೋಯೋದು ಅದು. ಇವತ್ತಿನ ನೋವನ್ನು ನಾಳೆಯ ಆಸೆಗಾಗಿ ತಡ್ಕೊಳ್ಳೋದು ಮನುಷ್ಯರ ವಿದ್ಯೆ. ಬೆಕ್ಕಿಗೆ ಆ ನಾಳೆಯನ್ನು ವಿವರಿಸಿ ಹೇಳೋಕೆ ಆಗೋದಿಲ್ಲ. ಹಾಗಾಗಿ ನನಗೆ ಹೊಳೆದ ಅಳತೆಗೋಲು ಇದು: ಅದರ ಇವತ್ತು ಹೇಗಿದೆ? ಕಾಯಿಲೆ ಗೊತ್ತಾಗುವ ಮೊದಲು ಮುದ್ದೆ ನೀರಿನ ಬಟ್ಟಲು ಬಿಟ್ಟು ಏಳ್ತಿರಲಿಲ್ಲ. ತಿಂದಷ್ಟೂ ಸೊರಗ್ತಿತ್ತು. ನರಗಳು ಸೋತು, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೀತಿತ್ತು. ಈಗ ಕಿಟಕಿಗೆ ಹಾರುತ್ತೆ, ಬಿಸಿಲಲ್ಲಿ ಕೂತು ಮೈ ನೆಕ್ಕಿಕೊಳ್ಳುತ್ತೆ, ಪಾರಿವಾಳ ಕಂಡರೆ ಹಲ್ಲು ಕಟಕಟ ಅನ್ನಿಸುತ್ತೆ. ದಿನಕ್ಕೆ ಎರಡು ಕ್ಷಣದ ನೋವಿಗೆ ಇಷ್ಟು ಸಿಗ್ತಿದ್ದರೆ ವ್ಯಾಪಾರ ನ್ಯಾಯವಾದದ್ದು. ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಬೇಡವೇ ಆಗುವಷ್ಟು ವಾಸಿಯಾಗೋದೂ ಉಂಟು. ಆದರೆ ಒಂದು ದಿನ ಈ ಪಟ್ಟಿ ಖಾಲಿಯಾಗಿ, ಬರೀ ಸೂಜಿ ಮಾತ್ರ ಉಳಿದರೆ? ಆಗಲೂ ಮುಂದುವರಿಸಿದರೆ ಅದು ನಮ್ಮ ಸಮಾಧಾನಕ್ಕೆ ಅದರ ಮೈಯನ್ನು ಬಳಸಿಕೊಂಡ ಹಾಗೆ. ಡಾಕ್ಟರ ಕೈಯಲ್ಲಿ ನೋವಿಲ್ಲದೆ ಮುಗಿಸೋದೂ ಅದೇ ಋಣದ ಕಂತು ಅಂತ ನಾವಿಬ್ಬರೂ ಈಗಲೇ ಮಾತಾಡಿ ಇಟ್ಟುಕೊಂಡಿದ್ದೀವಿ. ಹಳ್ಳಿಯ ಬೆಕ್ಕಿಗೆ 'ಎಲ್ಲೋ ಹೋಗುವ' ದಾರಿ ಇತ್ತು. ಇದಕ್ಕೆ ಆ ಬಾಗಿಲನ್ನೂ ನಾವೇ ತೆಗೀಬೇಕು.

ಮಹಾಭಾರತದ ಕೊನೆಯಲ್ಲಿ ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರೋಲ್ಲ ಅಂತ ಹಟ ಹಿಡಿಯೋದು ಎಲ್ಲರಿಗೂ ಗೊತ್ತು. ಹೆಂಡತಿ, ತಮ್ಮಂದಿರನ್ನೇ ಬಿಟ್ಟು ಬಂದವನಿಗೆ ನಾಯಿ ಯಾಕೆ ಅಂತ ಇಂದ್ರ ಕೇಳ್ತಾನೆ. ಅದಕ್ಕೆ ಅವನು ಕೊಡುವ ಉತ್ತರದ ತಾತ್ಪರ್ಯ ಇಷ್ಟು: ಅವರು ಸತ್ತಿದ್ದರು, ಬದುಕಿಸೋದು ನನ್ನ ಕೈಯಲ್ಲಿರಲಿಲ್ಲ, ಬದುಕಿದ್ದಾಗ ನಾನು ಅವರನ್ನು ಬಿಡಲಿಲ್ಲ. ನಾಯಿ ತನ್ನ ಮಗನಿದ್ದ ಹಾಗೆ ಅಂತ ಅವನು ಎಲ್ಲೂ ಹೇಳೋದಿಲ್ಲ. ನಂಬಿ ಬಂದಿದೆ, ಜೀವ ಇದೆ, ಅಷ್ಟು ಸಾಕಾಗುತ್ತೆ ಅವನಿಗೆ.

ಬೆಕ್ಕೋ ನಾಯಿಯೋ ತರೋಣ ಅಂತ ಯೋಚಿಸ್ತಿರುವ ಗೆಳೆಯರು ಕೆಲವೊಮ್ಮೆ ನನ್ನ ಸಲಹೆ ಕೇಳ್ತಾರೆ. ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಮರಿಯ ಫೋಟೋ ನೋಡುವಾಗಲೇ ಒಂದು ಲೆಕ್ಕ ಹಾಕಿ ಅಂತೀನಿ: ಇದಕ್ಕೆ ಹತ್ತು ವರ್ಷವಾದಾಗ, ದಿನಾ ಎರಡು ಸಲ, ಅದೇ ಹೊತ್ತಿಗೆ, ನಿಮ್ಮಿಬ್ಬರಲ್ಲಿ ಒಬ್ಬರು ಮನೆಯಲ್ಲಿ ಇರಬಲ್ಲಿರಾ? ಆನ್‌ಸೈಟ್ ಹೋದರೆ ಯಾರು? ಮಗು ಹುಟ್ಟಿದರೆ ಯಾರು? 'ಇಷ್ಟೆಲ್ಲಾ ಬೇಕಾ' ಅಂತ ಕೇಳೋದಕ್ಕೆ ಸರಿಯಾದ ಸಮಯ ಅದೇ. ಮರಿಯನ್ನು ಒಳಗೆ ತಂದು ಬಾಗಿಲು ಹಾಕಿಕೊಂಡ ಮೇಲೆ ಉಳಿಯೋದು ಎಷ್ಟು ಹೊತ್ತಿಗೆ, ಎಷ್ಟು ಯೂನಿಟ್ ಅನ್ನೋ ಪ್ರಶ್ನೆ ಮಾತ್ರ.